ಬಿಳಿ ಹೊಗೆ ಬಂದ ದಿನ

ಮೊದಲ ಕಲ್ಲು ಬಿದ್ದದ್ದು ಕುಲುಮೆಗೆ ಕೋಕು ಕಲ್ಲಿದ್ದಲು ಸುರಿಯುತ್ತಿದ್ದವನ ಮೇಲೆ. ಅವನು ಎತ್ತರದ ಅಟ್ಟಣೆಯಲ್ಲಿ ನಿಂತು ಬುಟ್ಟಿಯನ್ನು ಕುಲುಮೆಯ ಬಾಯಿಗೆ ಬಗ್ಗಿಸುತ್ತಿದ್ದ. ಕಲ್ಲು ದವಡೆಗೆ ತಾಕಿತು. ಬುಟ್ಟಿ ಕುಲುಮೆಯೊಳಗೆ ಹೋಯಿತು, ಅವನು ಹಿಂದಕ್ಕೆ ಏಣಿಯ ಮೇಲೆ ಬಿದ್ದ. ಮುಂದಕ್ಕೆ ಬಿದ್ದಿದ್ದರೆ ಅವನೂ ಬುಟ್ಟಿಯ ಹಿಂದೆಯೇ ಹೋಗುತ್ತಿದ್ದ.

ಆ ಫೌಂಡ್ರಿಗೆ ನಾನು ಹೋಗಿದ್ದು ಅದೇ ಮೊದಲ ಸಲ. ಚಿಮಣಿಗೆ ಧೂಳು ತಡೆಯುವ ಯಂತ್ರ ಯಾವುದು ಸರಿ ಎಂದು ನೋಡಿ ಹೇಳಲು ಮಾಲೀಕರು ಕರೆಸಿದ್ದರು. ಎಂಬತ್ತರ ದಶಕದ ನಡುವಿನ ವರ್ಷಗಳು. ವಾಯು ಮಾಲಿನ್ಯದ ಕಾನೂನು ಹೊಸದಾಗಿ ಬಂದಿತ್ತು. ಮುಂದಿನ ಬೇಸಿಗೆಯೊಳಗೆ ಯಂತ್ರ ಹಾಕದಿದ್ದರೆ ಕರೆಂಟ್ ತೆಗೆದು ಬೀಗ ಹಾಕಲಾಗುವುದು ಎಂಬ ನೋಟೀಸು ಬಂದಿತ್ತು. ಲಗ್ಗೆರೆಯಿಂದ ಸೈಕಲ್ಲಿನಲ್ಲಿ ಬರುವ ಕೆಲಸಗಾರರ ಮನೆಗಳೆಲ್ಲ ಆ ಒಂದು ಕುಲುಮೆಯ ಮೇಲೆ ನಿಂತಿದ್ದವು.

ರಾಜಾಜಿನಗರದ ಕೈಗಾರಿಕಾ ಶೆಡ್ಡುಗಳು ಮುಗಿದು ಬಸವೇಶ್ವರನಗರದ ಹೊಸ ಮನೆಗಳು ಶುರುವಾಗುವ ಜಾಗ ಅದು. ಫೌಂಡ್ರಿ ಕಟ್ಟಿದಾಗ ಎದುರಿಗೆ ರಾಗಿ ಹೊಲವಿತ್ತಂತೆ. ನಾನು ಹೋಗುವ ಹೊತ್ತಿಗೆ ಗೇಟಿನ ಮುಂದೆಯೇ ತಾರಸಿ ಮನೆಗಳ ಸಾಲು. ವಾರಕ್ಕೆ ಎರಡು ದಿನ ಕಬ್ಬಿಣ ಕರಗಿಸುತ್ತಿದ್ದರು. ಕುಲುಮೆಗೆ ಗಾಳಿ ಊದುವ ಬ್ಲೋಯರ್ ಸದ್ದು ಕೇಳುತ್ತಲೇ ಎದುರು ಸಾಲಿನ ಹೆಂಗಸರು ತಾರಸಿಗೆ ಓಡಿ ಒಣಹಾಕಿದ ಬಟ್ಟೆ ಎತ್ತುತ್ತಿದ್ದರು. ಅದು ಆ ಬೀದಿಯ ರೂಢಿಯಾಗಿತ್ತು.

ಬಟ್ಟೆಯನ್ನು ಎತ್ತಬಹುದು, ಹಸಿ ಸಂಡಿಗೆಯನ್ನು ಎತ್ತಲಾಗುವುದಿಲ್ಲ. ಅಂದು ಬೆಳಿಗ್ಗೆ ಎದುರು ಮನೆಯ ಅಜ್ಜಿ ಒದ್ದೆ ಪಂಚೆಯ ಮೇಲೆ ಸಂಡಿಗೆ ಇಟ್ಟು ಮುಗಿಸಿದ್ದರು. ಕುಲುಮೆ ಹಚ್ಚುವುದು ನಾಳೆ ಎಂದು ಅವರ ಲೆಕ್ಕ. ಅವಸರದ ಆರ್ಡರು ಬಂದಿದೆಯೆಂದು ಮಾಲೀಕರು ಒಂದು ದಿನ ಮೊದಲೇ ಹಚ್ಚಿಸಿದ್ದರು. ಹಿಟ್ಟು ಅಂಟಂಟಾಗಿರುವಾಗಲೇ ಕಪ್ಪು ಪುಡಿ ಬಂದು ಕೂತಿತು. ಅಜ್ಜಿಯ ಮಗ ಬ್ಯಾಂಕಿನಲ್ಲಿ ಗುಮಾಸ್ತರು. ಅವರು ಆ ಪಂಚೆಯನ್ನು ನಾಲ್ಕು ಮೂಲೆ ಹಿಡಿಸಿ ತಂದು ಫೌಂಡ್ರಿಯ ಗೇಟಿಗೆ ನೇತುಹಾಕಿದರು. ಹಿಂದೆ ಬೀದಿಯ ಜನ ಸೇರಿದರು. ಮಾತು ಬೆಳೆಯಿತು, ತಳ್ಳಾಟವಾಯಿತು, ಆಮೇಲೆ ಕಲ್ಲು ಬಂತು. ಎಸೆದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ಜೊತೆಗಾರ ಬಿದ್ದದ್ದನ್ನು ಕಂಡ ಕೆಲಸಗಾರರು ಸಲಾಕೆ, ಸಲಿಕೆಯ ಹಿಡಿ ಹಿಡಿದು ಹೊರಗೆ ಬಂದರು. ಒಬ್ಬ ಹುಡುಗನನ್ನು ಗೇಟಿನೊಳಗೆ ಎಳೆದು ಮರಳಿನ ರಾಶಿಯ ಮೇಲೆ ಕೆಡವಿ ತುಳಿದರು. ಪೊಲೀಸರು ಬಂದು ಎರಡೂ ಕಡೆಯವರಿಗೆ ಬಾರಿಸಿದರು. ಗುಮಾಸ್ತರ ಎಡ ಮಣಿಕಟ್ಟು ಮುರಿಯಿತು. ಸಲಾಕೆಯಿಂದಲೋ ಲಾಠಿಯಿಂದಲೋ ನಾನು ನೋಡಲಿಲ್ಲ, ನೋಡಿದೆವು ಎಂದವರು ಎರಡು ಥರ ಹೇಳಿದರು. ಕೋಕು ಸುರಿಯುತ್ತಿದ್ದವನ ದವಡೆಗೆ ತಂತಿ ಕಟ್ಟಿದರು. ಅವನು ತಿಂಗಳುಗಟ್ಟಲೆ ಗಂಜಿ ಕುಡಿದ.

ಮರುದಿನ ನಾನು ಕೆಲಸ ಶುರು ಮಾಡಿದೆ.

ಮೊದಲು ಬಂದದ್ದು ಸೈಕ್ಲೋನು. ಹೊಗೆಯನ್ನು ತಗಡಿನ ಆಲಿಕೆಯೊಳಗೆ ಸುತ್ತಿಸಿ ಧೂಳನ್ನು ಗೋಡೆಗೆ ಎಸೆದು ಕೆಳಗಿಳಿಸುವ ಸರಳ ಯಂತ್ರ. ಮಾರುವವರು ತೂಕದ ಲೆಕ್ಕ ಮುಂದಿಟ್ಟರು: ಬಂದ ಧೂಳಿನಲ್ಲಿ ಹೆಚ್ಚುಪಾಲು ಕೆಳಗೆ ನಿಲ್ಲುತ್ತದೆ. ಲೆಕ್ಕ ಸುಳ್ಳಲ್ಲ. ಆದರೆ ಒಂದು ದಪ್ಪ ಹರಳನ್ನು ಹಿಡಿದು ಸಾವಿರ ಸಣ್ಣ ಕಣ ಬಿಟ್ಟರೂ ತೂಕದಲ್ಲಿ ಅದು ಗೆದ್ದಂತೆಯೇ ಕಾಣುತ್ತದೆ. ಎದುರು ಮನೆಯವರ ಎದೆಗೆ ಇಳಿಯುವುದು ಸಣ್ಣ ಕಣ. ಗೇಟಿಗೆ ನೇತುಹಾಕಿದ್ದ ಪಂಚೆಯಿಂದ ಸ್ವಲ್ಪ ಸಂಡಿಗೆ ಕೆರೆದು ತಂದಿದ್ದೆ. ಭೂತಗನ್ನಡಿಯಲ್ಲಿ ನೋಡಿದರೆ ಹರಳಿಗಿಂತ ಮಸಿಯಂಥ ಪುಡಿಯೇ ಹೆಚ್ಚು. ಸೈಕ್ಲೋನು ಬೇಡ ಎಂದೆ.

ಎರಡನೆಯದು ಚೀಲದ ಫಿಲ್ಟರು. ಉದ್ದದ ಬಟ್ಟೆಚೀಲಗಳ ಸಾಲಿನ ಮೂಲಕ ಹೊಗೆ ಹಾಯಿಸಿದರೆ ಸಣ್ಣ ಕಣವೂ ನಿಲ್ಲುತ್ತದೆ. ಕಾಗದದ ಮೇಲೆ ಅದಕ್ಕೆ ಸಾಟಿಯಿಲ್ಲ. ಕೆಂಗೇರಿಯಾಚೆ ಒಂದು ಫೌಂಡ್ರಿಯಲ್ಲಿ ಹಾಕಿದ್ದಾರೆ, ಬಂದು ನೋಡಿ ಎಂದು ಮಾರುವವರೇ ಕಾರಿನಲ್ಲಿ ಕರೆದೊಯ್ದರು. ಅರ್ಧ ಕೆಲಸ ನಡೆಯುವಾಗ ತೋರಿಸಿ, ಚಿಮಣಿಯತ್ತ ಕೈ ಮಾಡಿ, ಊಟಕ್ಕೆ ಏಳಿ ಎಂದರು. ನಾನು ಏಳಲಿಲ್ಲ. ಕುಲುಮೆಯ ನಿಜಗುಣ ಗೊತ್ತಾಗುವುದು ಕೊನೆಗೆ. ಮೇಲಿನಿಂದ ತಣ್ಣನೆಯ ಕೋಕು, ಕಬ್ಬಿಣ ಹಾಕುವುದು ನಿಂತ ಮೇಲೆ ಒಳಗಿನ ರಾಶಿ ಇಳಿಯುತ್ತ ಹೋಗುತ್ತದೆ, ಬೆಂಕಿ ಬಾಯಿಗೆ ಬರುತ್ತದೆ, ಅನಿಲ ಅತಿ ಬಿಸಿಯಾಗಿ ಕಿಡಿ ಹೊತ್ತು ಓಡುತ್ತದೆ. ಅದನ್ನು ನೋಡಿಯೇ ಊಟ ಮಾಡ್ತೀನಿ ಎಂದೆ.

ನೋಡಿದೆವು. ಫಿಲ್ಟರಿನ ತಗಡಿನ ಪೆಟ್ಟಿಗೆಯಿಂದ ಮೊದಲು ಸುಟ್ಟ ಉಣ್ಣೆಯ ವಾಸನೆ ಬಂತು. ಅಲ್ಲಿನ ಫಿಟ್ಟರ್ ಬಾಗಿಲು ತೆಗೆದು ನೋಡಲು ಹೋದ. ತೆಗೆಯಬೇಡ ಎಂದು ನಾನೂ ಮಾರುವವರಲ್ಲೊಬ್ಬರೂ ಒಟ್ಟಿಗೆ ಕೂಗಿದೆವು. ಅವನ ಕೈ ಆಗಲೇ ಚಿಲಕದ ಮೇಲಿತ್ತು. ಗಾಳಿ ಒಳಹೋಗಿ ಉರಿ ಹೊರಬಂತು. ಬಾಗಿಲು ಅವನನ್ನು ಗೋಡೆಗೆ ಒಗೆಯಿತು. ಚೀಲಗಳೆಲ್ಲ ಒಮ್ಮೆಲೇ ಹತ್ತಿಕೊಂಡು, ಉರಿಯುವ ಬಟ್ಟೆಯ ತುಂಡುಗಳು ಅಂಗಳದ ತುಂಬ ಇಳಿದವು. ಫಿಟ್ಟರನ ಮುಖದ ಚರ್ಮ ಕತ್ತಿನವರೆಗೆ ಎದ್ದಿತ್ತು. ನಮ್ಮನ್ನು ಕರೆತಂದ ಕಾರಿನಲ್ಲಿಯೇ ಅವನನ್ನು ಮಲಗಿಸಿ ಕಳಿಸಿ, ನಾನು ಮೈಸೂರು ರಸ್ತೆಯಲ್ಲಿ ಬಸ್ಸು ಹಿಡಿದೆ.

ಹೊಗೆಯನ್ನು ಚೆನ್ನಾಗಿ ತಣಿಸಿ ಕಳಿಸಿದರೆ ಚೀಲದ ಫಿಲ್ಟರು ಕುಲುಮೆಗೂ ಹೊಂದುತ್ತದೆ. ಆದರೆ ತಣಿಸುವ ಏರ್ಪಾಡು ಒಂದು ದಿನ ಕೈಕೊಟ್ಟರೂ ಸಾಕು. ಕರೆಂಟು ಹೇಳದೆ ಹೋಗುತ್ತಿದ್ದ ಕಾಲ ಅದು. ಉಳಿದದ್ದು ಮೂರನೆಯದು, ನೀರಿನ ಸ್ಕ್ರಬ್ಬರು. ಹೊಗೆಯನ್ನು ಕಿರಿದಾದ ಗಂಟಲಿನಲ್ಲಿ ವೇಗವಾಗಿ ಓಡಿಸಿ ಅಲ್ಲಿ ನೀರು ಚಿಮ್ಮಿಸುವುದು. ಕಣಗಳು ಹನಿಗೆ ಸಿಕ್ಕಿ ತೊಟ್ಟಿಗೆ ಇಳಿಯುತ್ತವೆ. ಹೊಗೆ ಎಳೆಯಲು ದೊಡ್ಡ ಫ್ಯಾನು ಬೇಕು, ನೀರು ಬೇಕು, ಗಂಧಕದ ಹುಳಿಗೆ ಪೈಪು ತಿಂದುಹೋಗದಂತೆ ತೊಟ್ಟಿಗೆ ಸುಣ್ಣ ಹಾಕುತ್ತಿರಬೇಕು. ಕರೆಂಟ್ ಹೋದರೆ ಕುಲುಮೆಯ ನೆತ್ತಿಯ ಮುಚ್ಚಳ ತಾನಾಗಿ ತೆರೆಯಬೇಕು, ಇಲ್ಲದಿದ್ದರೆ ವಿಷದ ಅನಿಲ ಕೆಲಸಗಾರರ ಮೇಲೆ ತಿರುಗುತ್ತದೆ. ಇಷ್ಟನ್ನೂ ಬರೆದು ಕೊಟ್ಟೆ. ಇನ್ನೊಂದನ್ನು ಬರೆದೂ ಕೊಟ್ಟೆ, ಎದುರು ಕೂತು ಹೇಳಿಯೂ ಹೇಳಿದೆ: ಚಿಮಣಿಯಿಂದ ನೀರಿನ ಆವಿ ಬರುತ್ತದೆ, ಬಿಳಿಯಾಗಿ ದೂರಕ್ಕೆ ಕಾಣುತ್ತದೆ, ಚಳಿಗಾಲದ ಬೆಳಿಗ್ಗೆಯಂತೂ ದಟ್ಟವಾಗಿರುತ್ತದೆ.

ಮಾಲೀಕರು ಲಗ್ಗೆರೆಯ ಹಳೆಯ ಒಕ್ಕಲು ಮನೆಯವರು. ಹೊಲ ಮಾರಿ ಕುಲುಮೆ ಹಾಕಿದವರು. ಮಾತು ಕಡಿಮೆ, ಆಡಿದ ಮಾತು ಗಟ್ಟಿ. ಸ್ಟೇಷನ್ನಿನಲ್ಲಿ ರಾಜಿಗೆ ಕೂರಿಸಿದಾಗ ಗುಮಾಸ್ತರು ಬ್ಯಾಂಡೇಜಿನ ಕೈಯನ್ನು ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳಿದರು: ಹೊಗೆ ನಿಲ್ಲುತ್ತೋ ಇಲ್ಲವೋ? ಮಾಲೀಕರು ಎದ್ದು ನಿಂತರು.

"ಯಂತ್ರ ಹಾಕಿದ ಮೇಲೆ ಒಂದು ಎಳೆ ಹೊಗೆ ಕಂಡ್ರೆ, ಕುಲುಮೇನ ನನ್ ಕೈಯಾರೆ ಒಡ್ದು ಹಾಕ್ತೀನಿ. ನಾನು ಲಗ್ಗೆರೆಯೋನು."

ಹೊರಗೆ ಬಂದ ಮೇಲೆ ಅವರಿಗೆ ಆವಿಯ ವಿಷಯ ನೆನಪಿಸಿದೆ. ವಾಪಸ್ ಹೋಗಿ ಅದನ್ನೂ ಸೇರಿಸಿ ಹೇಳಿ ಎಂದೆ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದರು: "ಆವಿ ಹೊಗೆ ಹೆಂಗಾಗುತ್ತೆ ಸಾರ್? ಈಗ ಒಳಗೆ ಹೋಗಿ ಆವಿ ಬರುತ್ತೆ ಅಂದ್ರೆ, ಏನ್ ಇಡ್ಲಿ ಬೇಯಿಸ್ತೀಯೇನಪ್ಪಾ ಅಂತಾರೆ. ನಗಾಡ್ತಾರೆ." ಮತ್ತೆ ಒಳಗೆ ಹೋಗಲಿಲ್ಲ.

ಮಳೆಗಾಲ ಪೂರ್ತಿ ಕೆಲಸ ನಡೆಯಿತು. ಕಂಟ್ರಾಕ್ಟರು ಎರಡು ಸಲ ಗಂಟಲಿನ ಅಳತೆ ತಪ್ಪಿಸಿದ, ಎರಡು ಸಲವೂ ಕತ್ತರಿಸಿ ತೆಗೆಸಿದೆ. ಯಂತ್ರ ಸಿದ್ಧವಾದದ್ದು ಮಾರ್ಗಶಿರದ ಚಳಿಯಲ್ಲಿ. ಮಧ್ಯಾಹ್ನ ಹಚ್ಚೋಣ ಎಂದು ನಾನು ಹೇಳಿದ್ದೆ. ಕರೆಂಟು ಸಿಗುವುದು ಬೆಳಿಗ್ಗೆ ಮಾತ್ರ ಎಂದಾಯಿತು.

ಬ್ಲೋಯರ್ ಸದ್ದಿಗೆ ಹೆಂಗಸರು ತಾರಸಿಗೆ ಓಡಿ ಬಟ್ಟೆ ಎತ್ತಿದರು. ಎತ್ತಿದವರು ಕೆಳಗಿಳಿಯದೆ ಅಲ್ಲೇ ನಿಂತರು. ಚಿಮಣಿಯಿಂದ ಬಿಳಿ ಮೋಡ ಎದ್ದಿತು. ಮೊದಲಿದ್ದ ಕಪ್ಪು ಹೊಗೆಗಿಂತ ದಪ್ಪ, ಅದಕ್ಕಿಂತ ಎತ್ತರ. ಚಳಿಯ ಗಾಳಿಯಲ್ಲಿ ಕರಗದೆ ರಸ್ತೆ ದಾಟಿ ಮನೆಗಳ ಮೇಲೆ ಚಾಚಿಕೊಂಡಿತು. ಅದರಲ್ಲಿ ಮಸಿ ಇರಲಿಲ್ಲ. ಇಲ್ಲವೆಂದು ಕೆಳಗಿನವರಿಗೆ ಗೊತ್ತಾಗುವಂತೆಯೂ ಇರಲಿಲ್ಲ.

ಕುಲುಮೆಯಲ್ಲಿ ಕಬ್ಬಿಣ ಕರಗುವ ಹೊತ್ತಿಗೆ ಗೇಟು ಮುರಿದು ಜನ ಒಳಗೆ ಬಂದರು. ಕಾವಲುಗಾರನನ್ನು ಅವನ ಕುರ್ಚಿಯಲ್ಲೇ ಹೊಡೆದು ಕೆಡವಿದರು. ಸ್ಕ್ರಬ್ಬರಿನ ತೊಟ್ಟಿಗೆ ಹಾಕಿದ್ದ ಪೈಪನ್ನು ಯಾರೋ ಕಿತ್ತೆಸೆದರು, ತೊಟ್ಟಿಯ ನೀರು ನೆಲಕ್ಕೆ ಹರಿಯತೊಡಗಿತು. ಎಲ್ಲರ ಮುಂದೆ ಗುಮಾಸ್ತರು. ಅವರ ಕೈಯಲ್ಲಿ ಏನೂ ಇರಲಿಲ್ಲ.

"ಯಜಮಾನ್ರೇ, ಏನದು ಮೇಲೆ?"

"ಆವಿ ಕಣ್ರೀ. ನೀರಿನ ಆವಿ. ಇಂಜಿನಿಯರ್ರು ಇಲ್ಲೇ ಅವ್ರೆ, ಕೇಳಿ."

ಹಿಂದಿನಿಂದ ಒಂದು ದನಿ ಬಂತು: "ಏನ್ ಇಡ್ಲಿ ಬೇಯಿಸ್ತಿದೀಯೇನಪ್ಪಾ?"

ಜನ ನಕ್ಕರು. ತಾರಸಿಯ ಮೇಲಿದ್ದವರೂ ನಕ್ಕರು. ಕಲ್ಲಿಗೆ, ಬೈಗುಳಕ್ಕೆ ಅಲುಗದೆ ನಿಂತಿದ್ದ ಮಾಲೀಕರು ಆ ನಗುವಿಗೆ ತಿರುಗಿ ನಡೆದರು. ಗೋಡೆಗೆ ಒರಗಿಸಿದ್ದ ದೊಡ್ಡ ಸುತ್ತಿಗೆ ಎತ್ತಿಕೊಂಡರು. ಕುಲುಮೆಯ ಮುಂದಿದ್ದ ಮೇಸ್ತ್ರಿ ಅಡ್ಡ ಬಂದ. ಬೆಂಕಿ ಹಚ್ಚುವುದರಿಂದ ಲೋಹ ಇಳಿಸುವವರೆಗೆ ಕುಲುಮೆಯ ಹೊಣೆಯೆಲ್ಲ ಅವನದು.

"ಬ್ಯಾಡ ಕಣಣ್ಣ. ಒಳಗೆ ಲೋಹ ಐತೆ."

"ಬಿಡೋ. ಮಾತು ಕೊಟ್ಟಿದೀನಿ."

ಮೇಸ್ತ್ರಿ ಸುತ್ತಿಗೆಯನ್ನು ಹಿಡಿದುಕೊಂಡ. ಮಾಲೀಕರು ಅದರ ಹಿಡಿಯಿಂದಲೇ ಅವನ ಬಾಯಿಗೆ ಹೊಡೆದರು. ಅವನು ಹಲ್ಲು ಉಗುಳುತ್ತ ಮಂಡಿಯೂರಿದ. ಮಾಲೀಕರು ಕುಲುಮೆಗೆ ಬೀಸಿದರು. ಮೊದಲ ಏಟಿಗೆ ಉಕ್ಕಿನ ಕವಚ ಗಂಟೆಯ ಹಾಗೆ ಮೊಳಗಿತು. ಎರಡನೆಯದು ಕೆಳಗೆ ಲೋಹ ಇಳಿಸುವ ಬಾಯಿಯ ಪಕ್ಕಕ್ಕೆ ಬಿತ್ತು. ಆ ಬಾಯಿಯನ್ನು ಮುಚ್ಚಿದ್ದ ಮಣ್ಣಿನ ಬೆಣೆ ಸಡಿಲವಾಗಿ ಹಾರಿತು, ಕರಗಿದ ಕಬ್ಬಿಣ ಹೊರಗೆ ಬಂತು. ಕೆಳಗೆ ಅದನ್ನು ಹಿಡಿಯಲು ಕೊಳಗವಿರಲಿಲ್ಲ. ಇದ್ದದ್ದು ತೊಟ್ಟಿಯ ನೀರು ಕುಡಿದ ಮರಳು.

ಒದ್ದೆ ಮರಳಿನ ಮೇಲೆ ಕರಗಿದ ಕಬ್ಬಿಣ ಬಿದ್ದರೆ ಕೆಳಗಿನ ನೀರು ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಮೇಲಕ್ಕೆ ಒಗೆಯುತ್ತದೆ. ಮೂರು ಸಲ ಸಿಡಿಯಿತು. ಮೊದಲನೆಯದಕ್ಕೆ ಚಾವಣಿಯ ಶೀಟು ಒಡೆದು ಎಲ್ಲರ ಮೇಲೆ ಬಿತ್ತು. ಎರಡನೆಯದು ಮಾಲೀಕರ ಎಡಗಾಲನ್ನು ಮಂಡಿಯವರೆಗೆ ಹಿಡಿಯಿತು. ಪಂಚೆ ಹತ್ತಿಕೊಂಡು ಉರಿಯುತ್ತಿದ್ದರೂ ಅವರು ಸುತ್ತಿಗೆ ಬಿಟ್ಟಿರಲಿಲ್ಲ. ಮೂರನೆಯದಕ್ಕೆ ಜನ ಗೇಟಿನತ್ತ ನುಗ್ಗಿದರು, ಬಿದ್ದವರನ್ನು ತುಳಿದುಕೊಂಡು ಓಡಿದರು. ಗೇಟಿನಾಚೆ ಇದ್ದವರಿಗೆ ಒಳಗೆ ಏನಾಯಿತೆಂದು ಗೊತ್ತಿಲ್ಲ. ಸದ್ದು ಕೇಳಿ ಅವರು ಕಲ್ಲು ತೂರಿದರು. ಒಂದು ನನ್ನ ಕಿವಿಯ ಮೇಲೆ ಬಿತ್ತು. ಆಮೇಲೆ ಸ್ವಲ್ಪ ಹೊತ್ತು ಎಲ್ಲವನ್ನೂ ಕಂಡೆ, ಏನೂ ಕೇಳಿಸಲಿಲ್ಲ.

ಕಂಡದ್ದು ಇಷ್ಟು. ಮೇಸ್ತ್ರಿ ಉದ್ದದ ಕೋಲಿನ ತುದಿಗೆ ಮಣ್ಣಿನ ಉಂಡೆ ಮೆತ್ತಿ, ಮುಖಕ್ಕೆ ತೋಳು ಅಡ್ಡ ಹಿಡಿದು, ಹರಿಯುವ ಲೋಹಕ್ಕೆ ಎದುರಾಗಿ ನಡೆದು ಕುಲುಮೆಯ ಆ ಬಾಯಿ ಮುಚ್ಚಿದ. ಇಬ್ಬರು ಮಾಲೀಕರ ಮೇಲೆ ಒಣ ಮರಳು ಸುರಿದರು. ಬೀದಿಯವರಲ್ಲಿ ಗೇಟಿನತ್ತ ಓಡದೆ ನಿಂತವರು ಗುಮಾಸ್ತರೊಬ್ಬರೇ. ಕುಲುಮೆಯೊಳಗೆ ಅಂದಿನ ಲೋಹದ ಬಹುಪಾಲು ಹಾಗೇ ಉಳಿದಿತ್ತು.

ಅನಾಹುತವಾದರೆ ಏನು ಮಾಡಬೇಕೆಂಬುದು ಎಲ್ಲ ಫೌಂಡ್ರಿಯಲ್ಲೂ ಒಂದೇ. ಕುಲುಮೆಯ ತಳದ ಕದಕ್ಕೆ ಕೊಟ್ಟ ಊರುಗೋಲನ್ನು ಎಳೆದುಬಿಡುವುದು, ಒಳಗಿನದ್ದೆಲ್ಲ ಕೆಳಗೆ ಬೀಳಲಿ, ಕುಲುಮೆ ಉಳಿಯಲಿ. ಮೇಸ್ತ್ರಿ ಊರುಗೋಲಿಗೆ ಕೊಕ್ಕೆ ಹಾಕಿ ನನ್ನತ್ತ ನೋಡಿದ. ಅವನ ತುಟಿ ಆಡಿದ್ದು ಕಂಡಿತು: ತಳ ಬಿಡ್ತೀನಿ ಸಾರ್.

ತಳದ ಕೆಳಗೆ ನೋಡಿದೆ. ಕಿತ್ತ ಪೈಪಿನ ನೀರು ಅಲ್ಲಿಯೇ ಹೊಂಡವಾಗಿ ನಿಂತಿತ್ತು. ಅಷ್ಟು ಲೋಹ ಅದರ ಮೇಲೆ ಬಿದ್ದರೆ ಶೆಡ್ಡು ಉಳಿಯುವುದಿಲ್ಲ, ಗೇಟಿನಲ್ಲಿ ಸಿಕ್ಕಿಕೊಂಡಿರುವವರೂ ಉಳಿಯುವುದಿಲ್ಲ. ಬಿಡದಿದ್ದರೆ ಕಬ್ಬಿಣ ಒಳಗೇ ಹೆಪ್ಪುಗಟ್ಟುತ್ತದೆ, ಕುಲುಮೆ ಸಾಯುತ್ತದೆ.

"ಬಿಡಬೇಡಿ. ಬ್ಲೋಯರ್ ನಿಲ್ಸಿ," ಎಂದೆ.

ಕಿವಿಯೊಳಗಿನ ಮೊರೆತದ ನಡುವೆ ಅವನ ಉತ್ತರ ದೂರದಿಂದ ಕೇಳಿಸಿತು. "ಕುಲುಮೆ ಹೋಯ್ತದೆ ಸಾರ್."

"ಹೋಗ್ಲಿ."

ಮೇಸ್ತ್ರಿ ಕೊಕ್ಕೆ ಕಳಚಲಿಲ್ಲ. ಕೆಳಗೆ ಬಗ್ಗಿ ಹೊಂಡ ನೋಡಿದ, ಗೇಟಿನತ್ತ ನೋಡಿದ, ಆಮೇಲೆ ಕಳಚಿದ. ಗುಮಾಸ್ತರು ಇದನ್ನೆಲ್ಲ ನೋಡುತ್ತಿದ್ದರು. ಅವರು ಗೇಟಿಗೆ ಹೋಗಿ, ಕಲ್ಲು ಹಿಡಿದಿದ್ದ ಒಬ್ಬನ ಕೆನ್ನೆಗೆ ಬಾರಿಸಿ ಕಲ್ಲು ಕಸಿದುಕೊಂಡರು. ಆಟೋ ಕರೆದು ತಂದವರೂ ಅವರೇ. ಮಾಲೀಕರನ್ನು ಎತ್ತುವಾಗ ಸುಟ್ಟ ಕಾಲನ್ನು ಹಿಡಿದುಕೊಂಡವರೂ ಅವರೇ.

ಬ್ಲೋಯರ್ ನಿಂತಿತು. ಸಂಜೆಯ ಹೊತ್ತಿಗೆ ಕುಲುಮೆಗೆ ಜೀವ ಹೋಗಿತ್ತು. ಮಾಲೀಕರ ಮಾತು ಬೇರೆ ದಾರಿಯಲ್ಲಿ ನಡೆದಿತ್ತು.

ಆಸ್ಪತ್ರೆಯಲ್ಲಿ ಅವರ ಪಾದದ ಮುಂಭಾಗ ತೆಗೆದರು. ಗುಮಾಸ್ತರು ನನ್ನ ಜೊತೆ ನೋಡಲು ಬಂದರು. ಮಾತು ಅವರೇ ಶುರು ಮಾಡಿದರು. ಅಂದು ತಾರಸಿಯಲ್ಲಿ ಉಳಿದಿದ್ದ ಒಂದು ಬಿಳಿ ಪಂಚೆಯನ್ನು ತಾಯಿ ತಿರುಗಿಸಿ ಮುರುಗಿಸಿ ನೋಡಿದರಂತೆ, ಕಪ್ಪು ಸಿಗಲಿಲ್ಲವಂತೆ.

"ಅದು ಹೊಗೆ ಅಲ್ವಂತಲ್ಲ, ಯಜಮಾನ್ರೇ."

ಮಾಲೀಕರು ಕಣ್ಣು ಮುಚ್ಚಿಕೊಂಡೇ ಹೇಳಿದರು. "ನಿಮ್ ಕಣ್ಣಿಗೆ ಕಂಡಿದ್ದು ಹೊಗೇನೇ. ನಾನು ಆಡಿದ್ದೂ ಅದೇ ಮಾತು. ಆವಿ ಬರುತ್ತೆ ಅಂತ ಒಂದು ಮಾತು ಜಾಸ್ತಿ ಆಡಿದ್ರೆ ಕಾಲು ಉಳೀತಿತ್ತು. ನಗಾಡ್ತಾರೆ ಅಂತ ಸುಮ್ನಾದೆ."

ಗುಮಾಸ್ತರು ತಮ್ಮ ಎಡಗೈ ನೋಡಿಕೊಂಡರು. ಕುಲುಮೆ ಮತ್ತೆ ಕಟ್ಟಲು ಬೀದಿಯವರು ಅಡ್ಡ ಬರುವುದಿಲ್ಲ, ಆದರೆ ಯಂತ್ರ ಸರಿಯಿದೆ ಎಂದು ಒಪ್ಪುವುದು ಚಿಮಣಿಗೆ ನಳಿಕೆ ತೂರಿಸಿ ಅಳೆಯುವ ಅಧಿಕಾರಿಗಳಲ್ಲ, ಬೀದಿಯವರಾದ ತಾವು ಎಂದರು. ನನಗೆ ಅದು ನ್ಯಾಯವೆನಿಸಿತು.

ಹೆಪ್ಪುಗಟ್ಟಿದ ಕಬ್ಬಿಣವನ್ನು ಉಳಿಯಿಂದ ಕಡಿದು ತೆಗೆಯುವುದಕ್ಕೇ ಚಳಿಗಾಲ ಕಳೆಯಿತು. ಮೇಸ್ತ್ರಿ ಹೊಸ ಹಲ್ಲು ಕಟ್ಟಿಸಿಕೊಂಡು ಬಂದು ಇಟ್ಟಿಗೆ ಕಟ್ಟಿದ. ತೊಟ್ಟಿಯನ್ನು ಕುಲುಮೆಯಿಂದ ದೂರ, ತಗ್ಗಿಗೆ ಸರಿಸಿದೆ. ಕಂಟ್ರಾಕ್ಟರನ ಕೊನೆಯ ಬಿಲ್ಲಿಗೆ ಎರಡು ಷರತ್ತು ಹಾಕಿದೆ. ಒಂದು, ಚಿಮಣಿಯ ಅಳತೆ ಕಾನೂನಿನ ಮಿತಿಯೊಳಗಿರಬೇಕು. ಎರಡು, ಕುಲುಮೆ ಉರಿಯುವ ದಿನ ಮತ್ತು ಉರಿಯದ ದಿನ ಎದುರು ತಾರಸಿಯಲ್ಲಿ ಗಂಜಿ ಹಚ್ಚಿದ ಒದ್ದೆ ಪಂಚೆ ಹಾಸಬೇಕು, ಎರಡನ್ನೂ ಪಕ್ಕಪಕ್ಕ ಇಟ್ಟಾಗ ಅಜ್ಜಿಗೆ ವ್ಯತ್ಯಾಸ ಕಾಣಬಾರದು. ರಸ್ತೆಯ ಕೆಂಪು ಧೂಳು ಎರಡರಲ್ಲೂ ಇರುತ್ತದೆ, ಅದನ್ನು ಕುಲುಮೆಯ ತಲೆಗೆ ಕಟ್ಟಲಾಗದು.

"ಸಂಡಿಗೆ ಪಂಚೆ ಯಾವ ಸ್ಟ್ಯಾಂಡರ್ಡಲ್ಲಿದೆ ಸಾರ್?" ಎಂದು ಕಂಟ್ರಾಕ್ಟರು ಕೇಳಿದ. ಈ ರಸ್ತೆಯ ಸ್ಟ್ಯಾಂಡರ್ಡು ಎಂದೆ.

ಚಿಮಣಿಯ ಅಳತೆ ಮೊದಲ ಸಲಕ್ಕೇ ಪಾಸಾಯಿತು. ಪಂಚೆ ಫೇಲಾಯಿತು. ಅಜ್ಜಿ ಒಂದು ಮೂಲೆಯನ್ನು ಬೆರಳಿನಿಂದ ಉಜ್ಜಿ ನನ್ನ ಮುಂದೆ ಹಿಡಿದರು. ಅಳೆದವರು ನಡುಮಧ್ಯಾಹ್ನ ಅಳೆದು ಹೋಗಿದ್ದರು, ಆ ಮಸಿ ಬಂದದ್ದು ಕುಲುಮೆ ಆರಿಸುವ ಹೊತ್ತಿಗೆ. ಕೆಂಗೇರಿಯಾಚೆ ಚೀಲಗಳನ್ನು ಸುಟ್ಟ ಅದೇ ಕೊನೆಯ ಬಿಸಿ, ಇಲ್ಲಿ ನೀರಿನ ಹನಿಗಳು ಧೂಳು ಹಿಡಿಯುವ ಮೊದಲೇ ಅವನ್ನು ಒಣಗಿಸುತ್ತಿತ್ತು. ಗಂಟಲಿಗಿಂತ ಮುಂಚೆ ನೀರು ಚಿಮ್ಮುವ ಮೂತಿಗಳ ಇನ್ನೊಂದು ಸಾಲು ಹಾಕಿಸಿದೆ. ಮುಂದಿನ ಸಲ ಅಜ್ಜಿ ಎರಡು ಪಂಚೆಯನ್ನೂ ಬಿಸಿಲಿಗೆ ಹಿಡಿದು, ಯಾವುದು ಯಾವ ದಿನದ್ದು ಎಂದು ನನ್ನನ್ನೇ ಕೇಳಿದರು. ಬಿಲ್ಲಿಗೆ ಸಹಿ ಹಾಕಿದೆ.

ಬೇಸಿಗೆಯಲ್ಲಿ ಕೊನೆಯ ಸಲ ಅಲ್ಲಿಗೆ ಹೋದೆ. ಮಾಲೀಕರು ಕೋಲೂರಿಕೊಂಡು ಗೇಟಿನಲ್ಲಿದ್ದರು. ಕೋಕಿನವನು ಅಟ್ಟಣೆ ಹತ್ತಿದ್ದ, ಅವನ ದವಡೆ ಒಂದು ಕಡೆಗೆ ವಾಲಿ ಕೂಡಿತ್ತು. ಎದುರು ತಾರಸಿಯಲ್ಲಿ ಅಜ್ಜಿ ಒದ್ದೆ ಪಂಚೆ ಹಾಸಿಕೊಂಡು, ಹಿಟ್ಟಿನ ಪಾತ್ರೆ ಮಗ್ಗುಲಿಗಿಟ್ಟುಕೊಂಡು, ಚಮಚದಲ್ಲಿ ಸಂಡಿಗೆ ಇಡುತ್ತಿದ್ದರು. ಬ್ಲೋಯರ್ ಶುರುವಾಯಿತು. ಚಿಮಣಿಯಿಂದ ಬಿಳಿಯದು ಎದ್ದು ರಸ್ತೆಯತ್ತ ಬಾಗಿತು.

ಅಜ್ಜಿ ತಲೆ ಎತ್ತಿ ನೋಡಿದರು.

"ಹೊಗೆ ಬಿಟ್ರು ಕಣೇ," ಎಂದು ಕೆಳಗಿದ್ದ ಸೊಸೆಗೆ ಕೂಗಿ ಹೇಳಿ, ಮುಂದಿನ ಸಂಡಿಗೆ ಇಟ್ಟರು.